ಸಿಸೇರಿಯನ್ ಆದವರಿಗೆ ಹೆರಿಗೆ ನೋವು ಬರಿಸುವುದು: ಅಪಾಯವನ್ನು ಯಾವುದರೊಂದಿಗೆ ಹೋಲಿಸಬೇಕು?

ಮೊದಲ ಹೆರಿಗೆ ಸಿಸೇರಿಯನ್ ಆಗಿದೆ. ಎರಡನೆಯದಾದರೂ ಸಹಜವಾಗಿ ಆಗಲಿ ಎಂದು ಗರ್ಭಿಣಿ ಬಯಸಿದ್ದಾರೆ, ನೋಡುತ್ತಿರುವ ವೈದ್ಯರೂ ಅದಕ್ಕೆ ಒಪ್ಪಿದ್ದಾರೆ. ಆದರೆ ನಲವತ್ತು ವಾರ ತುಂಬಿದರೂ ನೋವು ಕಾಣಿಸಿಕೊಂಡಿಲ್ಲ. ಅಥವಾ ಮೂವತ್ತೊಂಬತ್ತನೆಯ ವಾರದಲ್ಲೇ ರಕ್ತದೊತ್ತಡ ಏರಿದೆ. ಅಥವಾ ನೀರು ಹೋಗಿ ಅರ್ಧ ದಿನ ಕಳೆದರೂ ಗರ್ಭಕೋಶ ಮಿಸುಕಿಲ್ಲ. ಈಗ ಉಳಿದಿರುವ ದಾರಿಗಳು ಮೂರೇ. ಇನ್ನಷ್ಟು ಕಾಯಬಹುದು, ಔಷಧದಿಂದಲೋ ಉಪಕರಣದಿಂದಲೋ ನೋವು ಬರಿಸಬಹುದು, ಇಲ್ಲವೇ ಮತ್ತೊಮ್ಮೆ ಶಸ್ತ್ರಚಿಕಿತ್ಸೆ ಮಾಡಬಹುದು. ಈ ಪೈಕಿ ನಡುವಿನ ದಾರಿಯ ಬಗ್ಗೆ ಕೇಳಿಬರುವ ಮಾತುಗಳು ಎರಡು ತುದಿಗಳಲ್ಲಿವೆ. ಹೊಲಿಗೆ ಹಾಕಿದ ಗರ್ಭಕೋಶಕ್ಕೆ ನೋವು ಬರಿಸುವುದೆಂದರೆ ಪ್ರಾಣದ ಜೊತೆ ಚೆಲ್ಲಾಟ ಎಂದು ಕೆಲವರು ಹೆದರಿಸುತ್ತಾರೆ. ಎಲ್ಲರಿಗೂ ಹಾಕುವ ಡ್ರಿಪ್ ತಾನೇ, ಏನೂ ಆಗುವುದಿಲ್ಲ ಎಂದು ಇನ್ನು ಕೆಲವರು ಹಗುರವಾಗಿ ಹೇಳುತ್ತಾರೆ. ಇವೆರಡೂ ಸರಿಯಲ್ಲ. ನೋವು ಬರಿಸುವುದು ಎಂಬ ಒಂದೇ ಹೆಸರಿನಡಿ ಪರಸ್ಪರ ಬಹಳ ಭಿನ್ನವಾದ ಹಲವು ಕ್ರಮಗಳಿವೆ. ಅವುಗಳ ಅಪಾಯವನ್ನು ಅಳೆಯುವಾಗ ಯಾವುದರ ಪಕ್ಕದಲ್ಲಿಟ್ಟು ಅಳೆಯುತ್ತೇವೆ ಎನ್ನುವುದರ ಮೇಲೆ ಉತ್ತರವೇ ಬದಲಾಗುತ್ತದೆ.

ಭಯದ ಮೂಲ ಗರ್ಭಕೋಶದ ಮೇಲಿರುವ ಹಳೆಯ ಗಾಯದ ಕಲೆ. ಹೊಟ್ಟೆಯ ಚರ್ಮದ ಮೇಲೆ ಕಾಣುವ ಗೆರೆಗೂ ಒಳಗೆ ಗರ್ಭಕೋಶವನ್ನು ಕೊಯ್ದ ಗೆರೆಗೂ ಸಂಬಂಧ ಇರಲೇಬೇಕೆಂದಿಲ್ಲ. ಹೊರಗೆ ಅಡ್ಡಗೆರೆ ಇದ್ದು ಒಳಗೆ ಉದ್ದಗೆರೆ ಇರುವುದೂ ಉಂಟು. ಗರ್ಭಕೋಶದ ಮೇಲ್ಭಾಗ ದಪ್ಪ ಸ್ನಾಯುವಿನಿಂದ ಆಗಿದ್ದು, ಹೆರಿಗೆಯ ವೇಳೆ ಬಲವಾಗಿ ಸಂಕುಚಿಸಿ ಮಗುವನ್ನು ಕೆಳಕ್ಕೆ ತಳ್ಳುವುದು ಅದೇ. ಗರ್ಭದ ಕೊನೆಯ ತಿಂಗಳುಗಳಲ್ಲಿ ರೂಪುಗೊಳ್ಳುವ ಕೆಳಭಾಗ ತೆಳುವಾಗಿದ್ದು, ಸಂಕುಚಿಸುವುದಕ್ಕಿಂತ ಹೆಚ್ಚಾಗಿ ಹಿಗ್ಗುತ್ತದೆ. ಆದ್ದರಿಂದ ಮೇಲ್ಭಾಗದಲ್ಲಿ ಉದ್ದಕ್ಕೆ ಕೊಯ್ದು ಹೊಲಿದ ಗಾಯವನ್ನು ಪ್ರತಿಯೊಂದು ನೋವೂ ಎರಡು ಬದಿಗೆ ಎಳೆಯುತ್ತದೆ, ಕೆಳಭಾಗದಲ್ಲಿ ಅಡ್ಡಕ್ಕೆ ಕೊಯ್ದ ಗಾಯದ ಮೇಲೆ ಬೀಳುವ ಎಳೆತ ಅದಕ್ಕಿಂತ ಎಷ್ಟೋ ಕಡಿಮೆ.

ನ್ಯೂಯಾರ್ಕಿನ ಪ್ರಸೂತಿ ತಜ್ಞ ಎಡ್ವಿನ್ ಕ್ರೇಗಿನ್ 1916ರಲ್ಲಿ 'ಒಮ್ಮೆ ಸಿಸೇರಿಯನ್ ಆದರೆ ಸದಾ ಸಿಸೇರಿಯನ್' ಎಂದು ಹೇಳಿದ ಮಾತು ಹುಟ್ಟಿದ್ದು ಮೇಲ್ಭಾಗವನ್ನು ಉದ್ದಕ್ಕೆ ಕೊಯ್ಯುತ್ತಿದ್ದ ಕಾಲದಲ್ಲಿ. ಅವರು ಆ ಮಾತನ್ನು ಹೇಳಿದ್ದು ಮೊದಲ ಸಿಸೇರಿಯನ್ನನ್ನೇ ಸುಮ್ಮಸುಮ್ಮನೆ ಮಾಡಬೇಡಿ ಎಂದು ಸಹವೈದ್ಯರನ್ನು ಎಚ್ಚರಿಸಲು. ಮುಂದೆ 1920ರ ದಶಕದಲ್ಲಿ ಗ್ಲಾಸ್ಗೋದ ಮನ್ರೋ ಕೆರ್ ಅವರು ಕೆಳಭಾಗದ ಅಡ್ಡಕೊಯ್ತವನ್ನು ಪ್ರತಿಪಾದಿಸಿದರು, ನಿಧಾನವಾಗಿ ಅದೇ ಜಗತ್ತಿನ ಪದ್ಧತಿಯಾಯಿತು. ಶಸ್ತ್ರಚಿಕಿತ್ಸೆ ಬದಲಾದರೂ ಹಳೆಯ ಮಾತು ಮಾತ್ರ ನಿಯಮದಂತೆ ದಶಕಗಟ್ಟಲೆ ಉಳಿಯಿತು. ಇಂದಿಗೂ ಮೇಲ್ಭಾಗದ ಉದ್ದಕೊಯ್ತ ಇದ್ದವರಿಗೆ, ಇಂಗ್ಲಿಷಿನ 'ಟಿ' ಅಕ್ಷರದ ಆಕಾರದ ಕೊಯ್ತ ಇದ್ದವರಿಗೆ, ಹಿಂದೆ ಒಮ್ಮೆ ಗರ್ಭಕೋಶ ಬಿರಿದವರಿಗೆ ನೋವು ಬರಿಸುವ ಪ್ರಶ್ನೆಯೇ ಏಳುವುದಿಲ್ಲ. ಮುಂದಿನ ಚರ್ಚೆಯೆಲ್ಲ ಕೆಳಭಾಗದಲ್ಲಿ ಅಡ್ಡಕ್ಕೆ ಕೊಯ್ದಿರುವವರಿಗೆ, ಮುಖ್ಯವಾಗಿ ಒಂದೇ ಸಿಸೇರಿಯನ್ ಆಗಿರುವವರಿಗೆ ಸಂಬಂಧಿಸಿದ್ದು.

ಗರ್ಭಕೋಶ ಬಿರಿಯುವುದು ಎಂದರೇನು ಎಂಬುದನ್ನೂ ಸ್ಪಷ್ಟಪಡಿಸಿಕೊಳ್ಳಬೇಕು. ಹಳೆಯ ಗಾಯ ಒಳಪದರದಲ್ಲಿ ಸ್ವಲ್ಪ ಬಿಟ್ಟುಕೊಂಡು, ಹೊರಪದರ ಹಾಗೇ ಉಳಿದು, ತಾಯಿಗಾಗಲಿ ಮಗುವಿಗಾಗಲಿ ಏನೂ ಆಗದೆ, ಮತ್ತೊಂದು ಶಸ್ತ್ರಚಿಕಿತ್ಸೆಯಲ್ಲಿ ಆಕಸ್ಮಿಕವಾಗಿ ಕಣ್ಣಿಗೆ ಬೀಳುವುದು ಒಂದು ಬಗೆ. ಗೋಡೆಯ ಎಲ್ಲ ಪದರಗಳೂ ಹರಿದು, ರಕ್ತಸ್ರಾವವಾಗಿ, ಮಗುವಿಗೆ ಆಮ್ಲಜನಕ ತಪ್ಪುವುದು ಇನ್ನೊಂದು ಬಗೆ. ಪ್ರಾಣಕ್ಕೆ ಎರವಾಗುವುದು ಎರಡನೆಯದು. ಹಳೆಯ ವರದಿಗಳಲ್ಲಿ ಇವೆರಡನ್ನೂ ಕೂಡಿಸಿ ಎಣಿಸಿದ್ದುಂಟು, ಆದ್ದರಿಂದ ಅಂಕಿಗಳನ್ನು ಓದುವಾಗ ಯಾವುದನ್ನು ಎಣಿಸಿದ್ದಾರೆ ಎಂದು ನೋಡಿಕೊಳ್ಳಬೇಕು.

ಈ ವಿಷಯದಲ್ಲಿ ಅತಿ ಹೆಚ್ಚು ಉಲ್ಲೇಖವಾಗುವ ಅಧ್ಯಯನಗಳು ಎರಡು. ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ 1987ರಿಂದ 1996ರವರೆಗೆ ಮೊದಲ ಹೆರಿಗೆ ಸಿಸೇರಿಯನ್ ಆಗಿ ಎರಡನೆಯದಕ್ಕೆ ಬಂದ 20,095 ಮಹಿಳೆಯರ ದಾಖಲೆಗಳನ್ನು ಪರಿಶೀಲಿಸಿ 2001ರಲ್ಲಿ ಪ್ರಕಟಿಸಿದ ವರದಿ ಮೊದಲನೆಯದು. ನೋವು ಶುರುವಾಗುವ ಮೊದಲೇ ಮತ್ತೆ ಸಿಸೇರಿಯನ್ ಮಾಡಿಸಿಕೊಂಡವರಲ್ಲಿ ಸಾವಿರಕ್ಕೆ 1.6, ನೋವು ತಾನಾಗಿ ಬಂದವರಲ್ಲಿ ಸಾವಿರಕ್ಕೆ 5.2, ಪ್ರೊಸ್ಟಗ್ಲಾಂಡಿನ್ (ಗರ್ಭಕಂಠವನ್ನು ಮೆದುವಾಗಿಸುವ ಔಷಧ) ಬಳಸದೆ ನೋವು ಬರಿಸಿದವರಲ್ಲಿ 7.7 ಮತ್ತು ಪ್ರೊಸ್ಟಗ್ಲಾಂಡಿನ್ ಬಳಸಿ ನೋವು ಬರಿಸಿದವರಲ್ಲಿ 24.5ರ ಪ್ರಮಾಣದಲ್ಲಿ ಗರ್ಭಕೋಶ ಬಿರಿದಿತ್ತು. ಕೊನೆಯ ಆ ಅಂಕಿ ವೈದ್ಯಲೋಕವನ್ನು ಬೆಚ್ಚಿಬೀಳಿಸಿತು. ಆದರೆ ಆ ಅಧ್ಯಯನ ನಿಂತಿದ್ದು ಆಸ್ಪತ್ರೆಗಳ ಬಿಡುಗಡೆ ದಾಖಲೆಗಳಲ್ಲಿದ್ದ ಸಂಕೇತಗಳ ಮೇಲೆ. ಪ್ರತಿಯೊಬ್ಬರ ಕೇಸ್ ಶೀಟನ್ನು ತೆರೆದು ನೋಡಿರಲಿಲ್ಲ. ಸಂಕೇತ ತಪ್ಪಾಗಿ ಬಿದ್ದಿರುವ ಸಾಧ್ಯತೆ, ಯಾವ ಪ್ರೊಸ್ಟಗ್ಲಾಂಡಿನ್ ಎಷ್ಟು ಕೊಟ್ಟರು ಎಂಬ ವಿವರ ಇಲ್ಲದಿರುವುದು, ಇವೆರಡೂ ಅದರ ಮಿತಿಗಳು.

ಎರಡನೆಯದು 2004ರಲ್ಲಿ ಪ್ರಕಟವಾಯಿತು. ಅಮೆರಿಕದ 19 ಬೋಧನಾ ಆಸ್ಪತ್ರೆಗಳಲ್ಲಿ, ಸಹಜ ಹೆರಿಗೆಗೆ ಪ್ರಯತ್ನಿಸಿದ 17,898 ಮಹಿಳೆಯರನ್ನೂ ನೇರವಾಗಿ ಸಿಸೇರಿಯನ್ನಿಗೆ ಹೋದ 15,801 ಮಹಿಳೆಯರನ್ನೂ ಅದರಲ್ಲಿ ಮೊದಲಿನಿಂದಲೇ ಹಿಂಬಾಲಿಸಿ ದಾಖಲಿಸಿದ್ದರು. ಪ್ರಯತ್ನಿಸಿದವರಲ್ಲಿ ಶೇ 73.4ರಷ್ಟು ಮಂದಿಗೆ ಸಹಜ ಹೆರಿಗೆಯೇ ಆಯಿತು. ಒಟ್ಟಾರೆ ಶೇ 0.7ರಷ್ಟು ಮಂದಿಯಲ್ಲಿ ಗರ್ಭಕೋಶ ಬಿರಿಯಿತು: ನೋವು ತಾನಾಗಿ ಬಂದು ತಾನಾಗಿಯೇ ಮುಂದುವರಿದವರಲ್ಲಿ ಶೇ 0.4, ತಾನಾಗಿ ಬಂದ ನೋವನ್ನು ಡ್ರಿಪ್‌ನಿಂದ ಹೆಚ್ಚಿಸಿದವರಲ್ಲಿ ಶೇ 0.9, ನೋವು ಬರಿಸಿದವರಲ್ಲಿ ಶೇ 1.0. ಇಲ್ಲಿ ಪ್ರೊಸ್ಟಗ್ಲಾಂಡಿನ್ ಒಂದನ್ನೇ ಪಡೆದ 227 ಮಂದಿಯಲ್ಲಿ ಒಬ್ಬರಿಗೂ ಬಿರಿಯಲಿಲ್ಲ. ಪ್ರೊಸ್ಟಗ್ಲಾಂಡಿನ್ ಜೊತೆಗೆ ಆಕ್ಸಿಟೋಸಿನ್ (ಗರ್ಭಕೋಶವನ್ನು ಸಂಕುಚಿಸಲು ಡ್ರಿಪ್‌ನಲ್ಲಿ ಕೊಡುವ ಔಷಧ) ಸೇರಿದ್ದ ಗುಂಪಿನಲ್ಲಿಯೇ ಪ್ರಮಾಣ ಹೆಚ್ಚಿತ್ತು. ಆ 227 ಬಹಳ ಸಣ್ಣ ಸಂಖ್ಯೆ, ಅದರ ಆಧಾರದಲ್ಲಿ ನಿಶ್ಚಿಂತೆಯಿಂದಿರಿ ಎನ್ನಲಾಗದು. ಆದರೆ 2001ರ ಅಂಕಿಯೊಂದನ್ನೇ ಹಿಡಿದುಕೊಂಡು ತೀರ್ಪು ಕೊಡುವುದೂ ಸಲ್ಲದು ಎಂಬುದಕ್ಕೆ ಇದು ಸಾಕ್ಷಿ.

ಬ್ರಿಟನ್ನಿನ ಪ್ರಸೂತಿ ತಜ್ಞರ ರಾಯಲ್ ಕಾಲೇಜು 2015ರಲ್ಲಿ ಹೊರಡಿಸಿದ ಮಾರ್ಗಸೂಚಿ ಇದನ್ನೇ ಸರಳವಾಗಿ ಹೇಳುತ್ತದೆ: ಸಿಸೇರಿಯನ್ ನಂತರ ಸಹಜ ಹೆರಿಗೆಗೆ ಪ್ರಯತ್ನಿಸುವ 200ರಲ್ಲಿ ಒಬ್ಬರಿಗೆ ಗರ್ಭಕೋಶ ಬಿರಿಯಬಹುದು, ನೋವು ಬರಿಸಿದರೆ ಅಥವಾ ಹೆಚ್ಚಿಸಿದರೆ ಆ ಅಪಾಯ ಎರಡರಿಂದ ಮೂರು ಪಟ್ಟಾಗುತ್ತದೆ, ಸಿಸೇರಿಯನ್ನಿನಲ್ಲೇ ಮುಗಿಯುವ ಸಂಭವ ಒಂದೂವರೆ ಪಟ್ಟಾಗುತ್ತದೆ. 'ಎರಡು ಪಟ್ಟು' ಎಂದು ಕೇಳಿದರೆ ಯಾರಿಗಾದರೂ ಎದೆ ಝಲ್ಲೆನ್ನುತ್ತದೆ. ಅದೇ ಮಾತನ್ನು, ನೋವು ಬರಿಸಿದ ಸಾವಿರ ಮಹಿಳೆಯರಲ್ಲಿ ಸುಮಾರು ಹತ್ತು ಮಂದಿಗೆ ಬಿರಿಯಬಹುದು, ಉಳಿದ 990 ಮಂದಿಗೆ ಇಲ್ಲ, ಎಂದು ಹೇಳಿದರೆ ಕೇಳುವವರ ಮನಸ್ಸಿನಲ್ಲಿ ಮೂಡುವ ಚಿತ್ರವೇ ಬೇರೆ. ಎರಡೂ ನಿಜ. ಇವೆರಡನ್ನೂ ಒಟ್ಟಿಗೆ ಹೇಳದೆ ಒಂದನ್ನಷ್ಟೇ ಹೇಳುವುದನ್ನು ನಾನು ಅರ್ಧ ಸುಳ್ಳೆಂದೇ ಪರಿಗಣಿಸುತ್ತೇನೆ.

ಬಿರಿದಾಗ ಆಗುವ ಹಾನಿಯೂ ಸಣ್ಣದಲ್ಲ. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಗಳು 2010ರಲ್ಲಿ ಕರೆದ ತಜ್ಞರ ಸಮಾವೇಶಕ್ಕಾಗಿ ಸಿದ್ಧಪಡಿಸಿದ ಸಮೀಕ್ಷೆಯ ಪ್ರಕಾರ, ಗರ್ಭಕೋಶ ಬಿರಿದ ಪ್ರಕರಣಗಳಲ್ಲಿ ಸುಮಾರು ಶೇ 6ರಷ್ಟು ಶಿಶುಗಳು ಸಾಯುತ್ತವೆ, ಮತ್ತು ಶೇ 14ರಿಂದ 33ರಷ್ಟು ತಾಯಂದಿರ ಗರ್ಭಕೋಶವನ್ನೇ ತೆಗೆಯಬೇಕಾಗುತ್ತದೆ. ಬದುಕುಳಿದ ಮಗುವಿನ ಮಿದುಳಿಗೆ ಆಮ್ಲಜನಕದ ಕೊರತೆಯಿಂದ ಪೆಟ್ಟಾಗುವ ಸಾಧ್ಯತೆ ಇದಕ್ಕೆ ಹೊರತಾದದ್ದು. ಈ ಲೆಕ್ಕವನ್ನು ಮೇಲಿನ ಸಾವಿರಕ್ಕೆ ಹತ್ತು ಎಂಬುದಕ್ಕೆ ಅನ್ವಯಿಸಿದರೆ, ನೋವು ಬರಿಸಿದ ಸಾವಿರ ಹೆರಿಗೆಗಳಲ್ಲಿ ಬಿರಿತದಿಂದಲೇ ಸಾಯುವ ಶಿಶುಗಳ ಸಂಖ್ಯೆ ಒಂದಕ್ಕಿಂತ ಕಡಿಮೆ. ಆದರೆ ಇದು ತಕ್ಷಣ ಶಸ್ತ್ರಚಿಕಿತ್ಸೆ ಮಾಡಬಲ್ಲ ಆಸ್ಪತ್ರೆಗಳಿಂದ ಬಂದ ಲೆಕ್ಕ. ಆ ಸೌಲಭ್ಯವಿಲ್ಲದ ಕಡೆ ಈ ಅಂಕಿಗಳನ್ನು ಹೇಳುವ ಅಧಿಕಾರ ಯಾರಿಗೂ ಇಲ್ಲ.

ಈಗ ಹೋಲಿಕೆಯ ಪ್ರಶ್ನೆಗೆ ಬರೋಣ. ಇಡೀ ವಿಷಯದ ತಿರುಳು ಇರುವುದು ಇಲ್ಲಿಯೇ. ಮೇಲಿನ ಬಹುತೇಕ ಅಂಕಿಗಳು ನೋವು ಬರಿಸಿದವರನ್ನು ತಾನಾಗಿ ನೋವು ಬಂದವರೊಂದಿಗೆ ಹೋಲಿಸುತ್ತವೆ. ಆ ಹೋಲಿಕೆಯಲ್ಲಿ ನೋವು ಬರಿಸಿದವರಿಗೆ ಸೋಲು ಖಚಿತ: ತಾನಾಗಿ ನೋವು ಬಂದವರಲ್ಲಿ ಸುಮಾರು ಶೇ 81ರಷ್ಟು ಮಂದಿಗೆ ಸಹಜ ಹೆರಿಗೆಯಾದರೆ ಬರಿಸಿದವರಲ್ಲಿ ಸುಮಾರು ಶೇ 67ರಷ್ಟು ಮಂದಿಗೆ ಆಗುತ್ತದೆ ಎಂಬುದು ಅದೇ ಅಮೆರಿಕನ್ ಆಸ್ಪತ್ರೆಗಳ ದಾಖಲೆಯಿಂದ ಹೊರಬಂದ ಮಾಹಿತಿ. ಆದರೆ ಸೋಮವಾರ ಬೆಳಿಗ್ಗೆ ಹೊರರೋಗಿ ವಿಭಾಗದಲ್ಲಿ ಕುಳಿತಿರುವ, ನೋವೇ ಬಾರದ ಗರ್ಭಿಣಿಗೆ 'ತಾನಾಗಿ ನೋವು ಬರಲಿ' ಎಂಬುದು ಆಯ್ಕೆಯಲ್ಲ, ಹಾರೈಕೆ. ಅವರು ಆರಿಸಿಕೊಳ್ಳಬಹುದಾದದ್ದು ಕಾಯುವುದನ್ನು ಮಾತ್ರ. ಕಾದರೆ ನಾಳೆಯೇ ನೋವು ಬರಬಹುದು. ಒಂದು ವಾರ ಬಾರದೆಯೂ ಇರಬಹುದು, ಅಷ್ಟರಲ್ಲಿ ರಕ್ತದೊತ್ತಡ ಇನ್ನಷ್ಟು ಏರಬಹುದು, ಮಗು ಇನ್ನಷ್ಟು ಬೆಳೆಯಬಹುದು, ಕೊನೆಗೆ ನಲವತ್ತೊಂದು ವಾರ ದಾಟಿ ಆಗಲೂ ನೋವು ಬರಿಸಬೇಕಾಗಬಹುದು ಅಥವಾ ಸಿಸೇರಿಯನ್ ಮಾಡಬೇಕಾಗಬಹುದು. ಆದ್ದರಿಂದ ನ್ಯಾಯವಾದ ಹೋಲಿಕೆ, ಇಂದು ನೋವು ಬರಿಸಿಕೊಂಡವರಿಗೂ ಇಂದು ಕಾಯಲು ನಿರ್ಧರಿಸಿದವರಿಗೂ ನಡುವೆ ಆಗಬೇಕು. ಕಾದವರಿಗೆ ಮುಂದೆ ಒದಗಿದ್ದೆಲ್ಲವನ್ನೂ ಕಾಯುವ ನಿರ್ಧಾರದ ಲೆಕ್ಕಕ್ಕೇ ಹಾಕಬೇಕು.

ಹೀಗೆ ಹೋಲಿಸಿ ನೋಡಿದಾಗ ಚಿತ್ರ ಬದಲಾಗುತ್ತದೆ. ಮೂವತ್ತೊಂಬತ್ತನೆಯ ವಾರದಲ್ಲಿ ನೋವು ಬರಿಸಿಕೊಂಡವರಿಗೆ ಕಾದವರಿಗಿಂತ ಸಹಜ ಹೆರಿಗೆಯ ಸಂಭವ ಕಡಿಮೆಯಾಗಲಿಲ್ಲ, ಬದಲಿಗೆ ಹೆಚ್ಚೇ ಇತ್ತು ಎಂದು ಇಂಥ ವಿಶ್ಲೇಷಣೆಗಳು ತೋರಿಸಿವೆ. ಆದರೆ ಗರ್ಭಕೋಶ ಬಿರಿಯುವ ಪ್ರಮಾಣವೂ ಆ ಗುಂಪಿನಲ್ಲಿ ಹೆಚ್ಚಿತ್ತು. ಅಂದರೆ ಸಿಸೇರಿಯನ್ ತಪ್ಪಿಸುವ ಅವಕಾಶವನ್ನು ಪಡೆಯಲು ಬಿರಿತದ ಒಂದಿಷ್ಟು ಹೆಚ್ಚುವರಿ ಅಪಾಯವನ್ನು ತೆರಬೇಕಾಗುತ್ತದೆ. ಇದಕ್ಕೆ ಒಪ್ಪುವುದೋ ಬಿಡುವುದೋ ಎಂಬುದನ್ನು ವೈದ್ಯಶಾಸ್ತ್ರ ತಾನಾಗಿ ತೀರ್ಮಾನಿಸಲಾರದು. ಇನ್ನೂ ಮೂರು ಮಕ್ಕಳು ಬೇಕೆನ್ನುವವರ ಉತ್ತರ ಒಂದಿರಬಹುದು, ಇದೇ ಕೊನೆಯ ಮಗು ಎನ್ನುವವರ ಉತ್ತರ ಇನ್ನೊಂದಿರಬಹುದು.

ಇಲ್ಲಿ ಒಂದು ಗೊಂದಲವನ್ನು ಬಿಡಿಸಬೇಕಾಗಿದೆ. ಅರೈವ್ ಎಂಬ ಹೆಸರಿನ ದೊಡ್ಡ ಪ್ರಯೋಗವೊಂದರ ಫಲಿತಾಂಶ 2018ರಲ್ಲಿ ಪ್ರಕಟವಾದಾಗ, ಮೂವತ್ತೊಂಬತ್ತನೆಯ ವಾರದಲ್ಲಿ ನೋವು ಬರಿಸಿದರೆ ಸಿಸೇರಿಯನ್ ಕಡಿಮೆಯಾಗುತ್ತದೆ ಎಂಬ ಸುದ್ದಿ ಎಲ್ಲೆಡೆ ಹರಡಿತು. ಬರಿಸಿದವರಲ್ಲಿ ಶೇ 18.6, ಕಾದವರಲ್ಲಿ ಶೇ 22.2ರಷ್ಟು ಸಿಸೇರಿಯನ್ ಆಗಿದ್ದವು. ಆದರೆ ಆ ಪ್ರಯೋಗದಲ್ಲಿ ಭಾಗವಹಿಸಿದವರೆಲ್ಲರಿಗೂ ಅದು ಮೊದಲ ಹೆರಿಗೆ. ಗರ್ಭಕೋಶದಲ್ಲಿ ಕಲೆ ಇರುವ ಒಬ್ಬರೂ ಅದರಲ್ಲಿರಲಿಲ್ಲ. ಅದರ ಫಲಿತಾಂಶವನ್ನು ತಂದು ಸಿಸೇರಿಯನ್ ಆದವರ ಮುಂದಿಟ್ಟು ಯಾವ ತೊಂದರೆಯೂ ಇಲ್ಲದಿದ್ದಾಗ ಅನುಕೂಲಕ್ಕಾಗಿ ನೋವು ಬರಿಸಲು ಹೊರಡುವುದು ತಪ್ಪು. ತಾಯಿಯ ಅಥವಾ ಮಗುವಿನ ಆರೋಗ್ಯಕ್ಕೆ ಸಂಬಂಧಿಸಿದ ಕಾರಣವಿದ್ದಾಗ ನೋವು ಬರಿಸುವುದು ಸಿಸೇರಿಯನ್ ಆದವರಿಗೂ ಒಂದು ಆಯ್ಕೆಯಾಗಿ ಉಳಿದಿದೆ ಎಂದು ಅಮೆರಿಕದ ಪ್ರಸೂತಿ ತಜ್ಞರ ಕಾಲೇಜು ತನ್ನ 2019ರ ಮಾರ್ಗಸೂಚಿಯಲ್ಲಿ ಹೇಳುತ್ತದೆ. ಕಾರಣವಿದ್ದಾಗ ಎಂಬ ಮಾತಿಗೆ ತೂಕವಿದೆ.

ವಿಧಾನಗಳ ವಿಷಯದಲ್ಲಂತೂ 'ನೋವು ಬರಿಸುತ್ತೇವೆ' ಎಂಬ ಒಂದು ಸಾಲಿನ ಮಾತು ಏನನ್ನೂ ತಿಳಿಸುವುದಿಲ್ಲ. ಮಿಸೊಪ್ರೊಸ್ಟಾಲ್ ಮಾತ್ರೆ ಅಗ್ಗ, ತಂಪಿನಲ್ಲಿ ಇಡಬೇಕಾಗಿಲ್ಲ, ಪರಿಣಾಮ ಬಲವಾದದ್ದು. ಹಿಂದೆ ಸಿಸೇರಿಯನ್ ಆಗದವರಿಗೆ ಜಗತ್ತಿನಾದ್ಯಂತ ಬಳಕೆಯಲ್ಲಿದೆ. ಆದರೆ ಸಿಸೇರಿಯನ್ ಆದವರಲ್ಲಿ ಅದನ್ನು ಪರೀಕ್ಷಿಸಲು ಹೊರಟ ಒಂದು ಪ್ರಯೋಗವನ್ನು ಅರ್ಧದಲ್ಲೇ ನಿಲ್ಲಿಸಬೇಕಾಯಿತು. 1998ರಲ್ಲಿ ವರದಿಯಾದ ಆ ಪ್ರಯೋಗದಲ್ಲಿ ಮಾತ್ರೆ ಪಡೆದ 17 ಮಹಿಳೆಯರ ಪೈಕಿ ಇಬ್ಬರಲ್ಲಿ ಹಳೆಯ ಗಾಯ ಬಿಟ್ಟುಕೊಂಡಿತ್ತು. ದಿನ ತುಂಬಿದ ಗರ್ಭಿಣಿಗೆ ಹಿಂದೆ ಸಿಸೇರಿಯನ್ ಆಗಿದ್ದರೆ ನೋವು ಬರಿಸಲು ಮಿಸೊಪ್ರೊಸ್ಟಾಲ್ ಕೊಡಬಾರದು ಎಂಬುದರಲ್ಲಿ ವಿಶ್ವ ಆರೋಗ್ಯ ಸಂಸ್ಥೆಗೂ ಅಮೆರಿಕದ ಕಾಲೇಜಿಗೂ ಭಿನ್ನಾಭಿಪ್ರಾಯವಿಲ್ಲ. ಡೈನೊಪ್ರೊಸ್ಟೋನ್ ಎಂಬ ಇನ್ನೊಂದು ಪ್ರೊಸ್ಟಗ್ಲಾಂಡಿನ್ ಜೆಲ್ ರೂಪದಲ್ಲೂ, ದಾರ ಕಟ್ಟಿದ ಪಟ್ಟಿಯ ರೂಪದಲ್ಲೂ ಸಿಗುತ್ತದೆ. ಅದರ ಬಗ್ಗೆ ದೇಶದಿಂದ ದೇಶಕ್ಕೆ ನಿಲುವು ಬೇರೆಯಾಗಿದೆ. ಪ್ರೊಸ್ಟಗ್ಲಾಂಡಿನ್‌ಗಳು ಗರ್ಭಕಂಠವನ್ನು ಮೆದುವಾಗಿಸುವುದು ಅಲ್ಲಿನ ಕೊಲಾಜೆನ್ ಎಳೆಗಳ ಬಿಗಿಯನ್ನು ಸಡಿಲಿಸಿ. ಹಳೆಯ ಗಾಯದ ಕಲೆಯೂ ಬಹುಪಾಲು ಕೊಲಾಜೆನ್ನೇ ಆಗಿರುವುದರಿಂದ ಅದನ್ನೂ ಅವು ಸಡಿಲಿಸುತ್ತಿರಬಹುದು ಎಂಬ ವಾದವಿದೆ.

ಇದಕ್ಕಿಂತಲೂ ನನಗೆ ಮುಖ್ಯವಾಗಿ ಕಾಣುವುದು ಇನ್ನೊಂದು ಗುಣ: ಕೊಟ್ಟದ್ದನ್ನು ವಾಪಸು ತೆಗೆದುಕೊಳ್ಳಲು ಆಗುತ್ತದೆಯೇ? ಕರಗಿ ಹೋದ ಮಾತ್ರೆಯನ್ನು, ಹಚ್ಚಿದ ಜೆಲ್ಲನ್ನು ಹಿಂದಕ್ಕೆ ಪಡೆಯಲಾಗುವುದಿಲ್ಲ. ನೋವು ಅತಿಯಾದರೆ ಪರಿಣಾಮ ಇಳಿಯುವವರೆಗೆ ಕಾಯಬೇಕು. ದಾರವಿರುವ ಪಟ್ಟಿಯನ್ನಾದರೂ ಎಳೆದು ತೆಗೆಯಬಹುದು. ಆಕ್ಸಿಟೋಸಿನ್ ಡ್ರಿಪ್‌ ನಿಲ್ಲಿಸಿದರೆ ರಕ್ತದಲ್ಲಿನ ಅದರ ಪ್ರಮಾಣ ಕೆಲವೇ ನಿಮಿಷಗಳಲ್ಲಿ ಅರ್ಧಕ್ಕಿಳಿಯುತ್ತದೆ. ಗರ್ಭಕಂಠ ತೆರೆಯಲೆಂದು ಹಾಕುವ ಬಲೂನನ್ನು ಖಾಲಿ ಮಾಡಿ ಹೊರತೆಗೆದರೆ ಅಲ್ಲಿಗೆ ಮುಗಿಯಿತು. ಕಲೆ ಇರುವ ಗರ್ಭಕೋಶದ ಮಟ್ಟಿಗೆ, ತಪ್ಪಿದಾಗ ಕೂಡಲೇ ಕೈಬಿಡಬಹುದಾದ ವಿಧಾನವನ್ನು ಮೊದಲು ಆರಿಸುವುದು ವಿವೇಕ.

ಮೂತ್ರ ಹೊರತೆಗೆಯಲು ಬಳಸುವ ಸಾಮಾನ್ಯ ಫೋಲಿ ಕ್ಯಾಥೆಟರೇ ಈ ಬಲೂನು. ಅದನ್ನು ಗರ್ಭಕಂಠದ ಮೂಲಕ ಒಳಗೆ ಸೇರಿಸಿ, ತುದಿಯ ಬಲೂನಿಗೆ ಸಾಮಾನ್ಯವಾಗಿ 30ರಿಂದ 60 ಮಿಲಿಲೀಟರ್ ಶುದ್ಧ ನೀರು ತುಂಬಿಸುತ್ತಾರೆ. ಬಲೂನಿನ ಒತ್ತಡದಿಂದ ಕಂಠ ನಿಧಾನವಾಗಿ ತೆರೆದುಕೊಳ್ಳುತ್ತದೆ, ದೇಹವೇ ಸ್ವಲ್ಪ ಪ್ರೊಸ್ಟಗ್ಲಾಂಡಿನ್ ಉತ್ಪಾದಿಸಿ ಆ ಕೆಲಸಕ್ಕೆ ನೆರವಾಗುತ್ತದೆ. ಬಲೂನಿನಿಂದ ಗರ್ಭಕೋಶದ ನೋವು ಮಿತಿಮೀರುವುದು ಅಪರೂಪ. ಸಿಸೇರಿಯನ್ ಆದವರಿಗೆ ಅನೇಕ ಕಡೆ ಇದೇ ಮೊದಲ ಆಯ್ಕೆಯಾಗಿರುವುದು ಈ ಕಾರಣಕ್ಕೆ. ಆದರೆ ಬಲೂನು ಸಾಮಾನ್ಯವಾಗಿ ಕಂಠವನ್ನು ತೆರೆಯುತ್ತದೆಯೇ ಹೊರತು ಹೆರಿಗೆ ಮಾಡಿಸುವುದಿಲ್ಲ. ಅದು ಜಾರಿ ಹೊರಬಿದ್ದ ಮೇಲೆ ನೀರಿನ ಚೀಲವನ್ನು ಒಡೆದು ಆಕ್ಸಿಟೋಸಿನ್ ಶುರು ಮಾಡಬೇಕಾದ ಸಂದರ್ಭವೇ ಹೆಚ್ಚು. ಹೀಗಾಗಿ ಬಲೂನು ಸುರಕ್ಷಿತ ಎಂಬ ಮಾತಿನ ಹಿಂದೆಯೇ ಡ್ರಿಪ್ಪಿನ ಪ್ರಮಾಣದ ಪ್ರಶ್ನೆಯೂ ಬರುತ್ತದೆ. ಆಕ್ಸಿಟೋಸಿನ್ ಪ್ರಮಾಣ ಏರಿದಂತೆ ಬಿರಿಯುವ ಅಪಾಯವೂ ಏರುತ್ತದೆ ಎಂದು ಅಧ್ಯಯನಗಳು ತೋರಿಸಿರುವುದರಿಂದ, ನಿಮಿಷಕ್ಕೆ 20 ಮಿಲಿಯೂನಿಟ್ ದಾಟುವ ಮೊದಲು ಹಿರಿಯ ವೈದ್ಯರೊಬ್ಬರು ಬಂದು ಪರೀಕ್ಷಿಸಿ, ಹೆರಿಗೆ ನಿಜಕ್ಕೂ ಮುಂದುವರಿಯುತ್ತಿದೆಯೇ ಎಂದು ನೋಡುವುದು ಒಳ್ಳೆಯದು.

ಇಷ್ಟೆಲ್ಲ ಹೇಳಿದ ಮೇಲೂ ಆಧಾರ ಎಷ್ಟು ತೆಳುವಾಗಿದೆ ಎಂಬುದನ್ನು ಮರೆಮಾಚಬಾರದು. ಸಿಸೇರಿಯನ್ ಆದವರಲ್ಲಿ ನೋವು ಬರಿಸುವ ವಿಧಾನಗಳನ್ನು ಒಂದರೊಡನೊಂದು ಹೋಲಿಸಿದ ಯಾದೃಚ್ಛಿಕ ಪ್ರಯೋಗಗಳನ್ನೆಲ್ಲ ಕೊಕ್ರೇನ್ ಸಂಸ್ಥೆ 2017ರಲ್ಲಿ ಒಟ್ಟುಗೂಡಿಸಿದಾಗ ಸಿಕ್ಕಿದ್ದು ಎಂಟು ಪ್ರಯೋಗಗಳು, ಒಟ್ಟು 707 ಮಹಿಳೆಯರು. ನೂರಕ್ಕೆ ಒಂದರ ಆಸುಪಾಸಿನಲ್ಲಿ ಘಟಿಸುವ ಅವಘಡವೊಂದರಲ್ಲಿ ಯಾವ ವಿಧಾನ ಮೇಲು ಎಂದು ತೀರ್ಮಾನಿಸಲು ಇದು ಏನೇನೂ ಸಾಲದು. ಕೋಟಿಗಟ್ಟಲೆ ಹೆರಿಗೆಗಳು ಸಿಸೇರಿಯನ್ನಿನಿಂದ ಆಗುತ್ತಿರುವ, ಐದರಲ್ಲಿ ಒಂದಕ್ಕಿಂತ ಹೆಚ್ಚು ಮಗು ಶಸ್ತ್ರಚಿಕಿತ್ಸೆಯಿಂದಲೇ ಹುಟ್ಟುತ್ತಿರುವ ಜಗತ್ತಿನಲ್ಲಿ, ಆ ತಾಯಂದಿರ ಮುಂದಿನ ಹೆರಿಗೆಯ ಬಗ್ಗೆ ಇಷ್ಟು ಕಡಿಮೆ ಪ್ರಯೋಗಗಳು ನಡೆದಿರುವುದು ಖೇದದ ಸಂಗತಿ.

ಯಾರಿಗೆ ನೋವು ಬರಿಸಿದರೆ ಫಲಿಸುವ ಸಂಭವ ಹೆಚ್ಚು? ಎಲ್ಲಕ್ಕಿಂತ ದೊಡ್ಡ ಸೂಚನೆ ಹಿಂದೆ ಒಮ್ಮೆಯಾದರೂ ಸಹಜ ಹೆರಿಗೆ ಆಗಿರುವುದು. ಅಂಥವರು ಸಹಜ ಹೆರಿಗೆಗೆ ಪ್ರಯತ್ನಿಸಿದಾಗ ಶೇ 85ರಿಂದ 90ರಷ್ಟು ಮಂದಿಗೆ ಅದು ಸಾಧ್ಯವಾಗುತ್ತದೆ, ಬಿರಿಯುವ ಅಪಾಯವೂ ಕಡಿಮೆ. ಎರಡನೆಯದು ಗರ್ಭಕಂಠದ ಸ್ಥಿತಿ. ಎಡ್ವರ್ಡ್ ಬಿಷಪ್ 1964ರಲ್ಲಿ ರೂಪಿಸಿದ ಅಂಕ ಪದ್ಧತಿಯಲ್ಲಿ ಕಂಠ ಎಷ್ಟು ತೆರೆದಿದೆ, ಎಷ್ಟು ತೆಳುವಾಗಿದೆ, ಎಷ್ಟು ಮೆದುವಾಗಿದೆ, ಯಾವ ಕಡೆ ಮುಖಮಾಡಿದೆ, ಮಗುವಿನ ತಲೆ ಎಷ್ಟು ಇಳಿದಿದೆ ಎಂದು ಕೈಯಿಂದ ಪರೀಕ್ಷಿಸಿ ಲೆಕ್ಕ ಹಾಕುತ್ತಾರೆ. ಕಂಠ ಆಗಲೇ ಮೆದುವಾಗಿ ತೆರೆದುಕೊಳ್ಳತೊಡಗಿದ್ದರೆ ಬಲೂನಾಗಲಿ ಪ್ರೊಸ್ಟಗ್ಲಾಂಡಿನ್ ಆಗಲಿ ಬೇಕಾಗುವುದಿಲ್ಲ. ಇನ್ನೂ ಗಟ್ಟಿಯಾಗಿ ಮುಚ್ಚಿಕೊಂಡಿದ್ದರೆ, ಅದರಲ್ಲೂ ಒಮ್ಮೆಯೂ ಸಹಜ ಹೆರಿಗೆ ಆಗದವರಲ್ಲಿ, ದಾರಿ ದೀರ್ಘ. ಮೊದಲ ಸಿಸೇರಿಯನ್ ಮಗು ಅಡ್ಡವಾಗಿದ್ದುದರಿಂದಲೋ ಕಾಲು ಕೆಳಗಾಗಿದ್ದುದರಿಂದಲೋ ಆಗಿದ್ದರೆ ಸಂಭವ ಹೆಚ್ಚುತ್ತದೆ, ಹೆರಿಗೆ ಮುಂದುವರಿಯದೆ ನಿಂತುಹೋಗಿ ಆಗಿದ್ದರೆ ತಗ್ಗುತ್ತದೆ. ಎರಡು ಹೆರಿಗೆಗಳ ನಡುವೆ ಹದಿನೆಂಟು ತಿಂಗಳಿಗಿಂತ ಕಡಿಮೆ ಅಂತರವಿದ್ದರೆ ಗಾಯ ಬಿರಿಯುವ ಸಾಧ್ಯತೆ ಹೆಚ್ಚು.

ಇವನ್ನೆಲ್ಲ ಸೂತ್ರವೊಂದಕ್ಕೆ ಹಾಕಿ ಶೇಕಡಾ ಲೆಕ್ಕ ಕೊಡುವ ಕ್ಯಾಲ್ಕುಲೇಟರ್ ಒಂದು ಅಮೆರಿಕದಲ್ಲಿ 2007ರಿಂದ ಬಳಕೆಯಲ್ಲಿತ್ತು. ಮಹಿಳೆ ಕಪ್ಪು ಅಥವಾ ಹಿಸ್ಪಾನಿಕ್ ಜನಾಂಗದವರಾದರೆ ಅದು ಯಶಸ್ಸಿನ ಸಂಭವವನ್ನು ಕಡಿತಗೊಳಿಸುತ್ತಿತ್ತು. ತೀವ್ರ ಟೀಕೆಯ ನಂತರ 2021ರಲ್ಲಿ ಜನಾಂಗವನ್ನು ಕೈಬಿಟ್ಟು ಹೊಸ ಸೂತ್ರವನ್ನು ಪ್ರಕಟಿಸಿದರು. ಚರ್ಮದ ಬಣ್ಣ ನೋಡಿ ಅವಕಾಶ ನಿರಾಕರಿಸಿದ ಆ ವರ್ಷಗಳ ಲೆಕ್ಕ ಯಾವ ಅಧ್ಯಯನದಲ್ಲೂ ಸಿಗದು. ಕ್ಯಾಲ್ಕುಲೇಟರ್ ಕೊಡುವ ಅಂಕಿ ಮಾತುಕತೆಯನ್ನು ಆರಂಭಿಸಲು ಸಹಾಯಕ; ಇಷ್ಟು ಅಂಕ ಬಂದಿಲ್ಲವಾದ್ದರಿಂದ ನಿಮಗೆ ಅವಕಾಶವಿಲ್ಲ ಎಂದು ಮಾತನ್ನು ಮುಗಿಸಲು ಅದನ್ನು ಬಳಸುವುದು ಸರಿಯಲ್ಲ.

ಹೆರಿಗೆ ಎಲ್ಲಿ ನಡೆಯುತ್ತದೆ ಎಂಬುದು ವಿಧಾನದಷ್ಟೇ ನಿರ್ಣಾಯಕ. ಗರ್ಭಕೋಶ ಬಿರಿಯುವಾಗ ಹೊಟ್ಟೆಯಲ್ಲಿ ಸೀಳುವಂಥ ನೋವು ಬಂದೇ ಬರುತ್ತದೆ ಎಂಬ ನಂಬಿಕೆ ಇದೆ, ಆದರೆ ಬಹುಪಾಲು ಪ್ರಕರಣಗಳಲ್ಲಿ ಮೊದಲು ಕಾಣುವುದು ಮಗುವಿನ ಹೃದಯ ಬಡಿತದ ಏರುಪೇರು. ರಕ್ತಸ್ರಾವ, ನೋವಿನ ಅಲೆಗಳು ಇದ್ದಕ್ಕಿದ್ದಂತೆ ನಿಂತುಹೋಗುವುದು, ಇಳಿದಿದ್ದ ತಲೆ ಮೇಲಕ್ಕೆ ಸರಿಯುವುದು, ತಾಯಿಯ ನಾಡಿ ಏರುವುದು ಆಮೇಲೆ ಕಾಣಬಹುದು, ಕಾಣದೆಯೂ ಇರಬಹುದು. ಆದ್ದರಿಂದ ನೋವು ಬರಿಸಿದ ಮೇಲೆ ಮಗುವಿನ ಹೃದಯ ಬಡಿತವನ್ನು ಬಿಡದೆ ದಾಖಲಿಸುತ್ತಿರಬೇಕು. ಏರುಪೇರು ಕಂಡ ಮೇಲೆ ಉಳಿಯುವ ಕಾಲಾವಕಾಶವನ್ನು ನಿಮಿಷಗಳಲ್ಲಿ ಎಣಿಸಬೇಕು. ಹದಿನೆಂಟು ನಿಮಿಷದೊಳಗೆ ಹೊರತೆಗೆದ ಮಕ್ಕಳ ಸ್ಥಿತಿ ಉತ್ತಮವಾಗಿತ್ತೆಂದು ಅಧ್ಯಯನಗಳು ಹೇಳುತ್ತವೆ. ಅಂದರೆ ಶಸ್ತ್ರಚಿಕಿತ್ಸಾ ಕೊಠಡಿ, ಅರಿವಳಿಕೆ ತಜ್ಞರು, ಪ್ರಸೂತಿ ತಜ್ಞರು, ಮಕ್ಕಳ ವೈದ್ಯರು ಮತ್ತು ರಕ್ತ ಅದೇ ಕಟ್ಟಡದಲ್ಲಿ ರಾತ್ರಿ ಎರಡು ಗಂಟೆಗೂ ಸಿದ್ಧವಿರಬೇಕು. ಕರೆದರೆ ಬರುತ್ತಾರೆ ಎನ್ನುವುದು ಸಿದ್ಧತೆಯಲ್ಲ. ಬೆನ್ನಿಗೆ ಕೊಡುವ ಎಪಿಡ್ಯೂರಲ್ ಬಿರಿತದ ನೋವನ್ನು ಮರೆಮಾಡುತ್ತದೆಂದು ಹಿಂದೆ ಹೆದರುತ್ತಿದ್ದರು. ಹೃದಯ ಬಡಿತವೇ ಮೊದಲ ಸೂಚನೆಯಾದ್ದರಿಂದ ಈಗ ಅದನ್ನು ನಿರಾಕರಿಸುವುದಿಲ್ಲ.

ಈ ಸಿದ್ಧತೆಯ ಷರತ್ತಿಗೆ ಇನ್ನೊಂದು ಮುಖವೂ ಇದೆ. ಅಮೆರಿಕದಲ್ಲಿ 1980ರ ರಾಷ್ಟ್ರೀಯ ಸಮಾವೇಶದ ನಂತರ ಸಿಸೇರಿಯನ್ ಆದವರ ಸಹಜ ಹೆರಿಗೆ ಹೆಚ್ಚುತ್ತ ಹೋಗಿ 1996ರಲ್ಲಿ ಶೇ 28ರಷ್ಟಾಗಿತ್ತು. ತಜ್ಞ ವೈದ್ಯರು 'ತಕ್ಷಣ ಲಭ್ಯ'ರಿರಬೇಕು ಎಂದು ಅಲ್ಲಿನ ಕಾಲೇಜು 1999ರಲ್ಲಿ ಹೇಳಿತು, ಬಿರಿತದ ವರದಿಗಳೂ ನ್ಯಾಯಾಲಯದ ಭಯವೂ ಜೊತೆಗೂಡಿದವು. 2006ರ ಹೊತ್ತಿಗೆ ಆ ಪ್ರಮಾಣ ಶೇ 10ಕ್ಕಿಂತ ಕೆಳಗಿಳಿದಿತ್ತು. ಅನೇಕ ಆಸ್ಪತ್ರೆಗಳು ಸೌಲಭ್ಯ ಹೆಚ್ಚಿಸುವ ಬದಲು ಬಾಗಿಲನ್ನೇ ಮುಚ್ಚಿದವು. ಸುರಕ್ಷತೆಯ ಹೆಸರಿನಲ್ಲಿ ಬಂದ ಆ ನಿಯಮ ಕೊನೆಗೆ ಮಹಿಳೆಯರನ್ನು ನೂಕಿದ್ದು ಎರಡನೆಯ, ಮೂರನೆಯ, ನಾಲ್ಕನೆಯ ಶಸ್ತ್ರಚಿಕಿತ್ಸೆಯ ಕಡೆಗೆ.

ಮತ್ತೊಂದು ಸಿಸೇರಿಯನ್ ಎಂಬುದು ಅಪಾಯವೇ ಇಲ್ಲದ ಆಶ್ರಯವಲ್ಲ ಎಂಬುದನ್ನು ಈ ತೂಗಾಟದಲ್ಲಿ ಬಹುಮಂದಿ ಮರೆಯುತ್ತಾರೆ. ಅದೇ 2010ರ ಸಮೀಕ್ಷೆಯಲ್ಲಿ ತಾಯಿಯ ಸಾವು ಸಹಜ ಹೆರಿಗೆಗೆ ಪ್ರಯತ್ನಿಸಿದವರಲ್ಲಿ ಲಕ್ಷಕ್ಕೆ 3.8, ಯೋಜಿತ ಸಿಸೇರಿಯನ್ನಿನಲ್ಲಿ ಲಕ್ಷಕ್ಕೆ 13.4 ಇತ್ತು, ಶಿಶುವಿನ ಸಾವು ಮಾತ್ರ ಪ್ರಯತ್ನಿಸಿದವರಲ್ಲಿ ಹೆಚ್ಚಿತ್ತು. ಪ್ರತಿ ಶಸ್ತ್ರಚಿಕಿತ್ಸೆಯೂ ಮುಂದಿನ ಬಸಿರಿಗೆ ಒಂದು ಅಪಾಯವನ್ನು ಉಳಿಸಿಹೋಗುತ್ತದೆ: ಮಾಸು ಹಳೆಯ ಕಲೆಯ ಮೇಲೆ ಬೇರೂರಿ ಗರ್ಭಕೋಶದ ಗೋಡೆಯೊಳಕ್ಕೆ ಇಳಿಯುವುದು. 2006ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನವೊಂದರಲ್ಲಿ, ಮಾಸು ಗರ್ಭಕಂಠವನ್ನು ಮುಚ್ಚಿಕೊಂಡಿದ್ದವರ ಪೈಕಿ ಹೀಗೆ ಬೇರೂರಿದ್ದು ಮೊದಲ ಸಿಸೇರಿಯನ್ನಿನಲ್ಲಿ ಶೇ 3ರಷ್ಟು, ಎರಡನೆಯದರಲ್ಲಿ ಶೇ 11, ಮೂರನೆಯದರಲ್ಲಿ ಶೇ 40, ನಾಲ್ಕನೆಯದರಲ್ಲಿ ಶೇ 61. ಇಂಥ ಹೆರಿಗೆಯಲ್ಲಿ ಬಾಟಲಿಗಟ್ಟಲೆ ರಕ್ತ ಕೊಟ್ಟು, ಗರ್ಭಕೋಶವನ್ನು ತೆಗೆದೇ ತಾಯಿಯನ್ನು ಉಳಿಸಬೇಕಾಗುತ್ತದೆ. ಇಂದಿನ ನಿರ್ಧಾರದ ಪರಿಣಾಮ ಇಂದಿನ ಹೆರಿಗೆಗೇ ಮುಗಿಯುವುದಿಲ್ಲ. ಹಾಗೆಯೇ, ನೋವು ಬರಿಸಿ ಗಂಟೆಗಟ್ಟಲೆ ಪ್ರಯತ್ನಿಸಿ ಕೊನೆಗೆ ತುರ್ತಾಗಿ ಮಾಡುವ ಸಿಸೇರಿಯನ್, ಸೋಂಕು ಮತ್ತು ರಕ್ತಸ್ರಾವದ ದೃಷ್ಟಿಯಿಂದ ಮೊದಲೇ ಗೊತ್ತುಮಾಡಿ ಮಾಡಿದ ಸಿಸೇರಿಯನ್ನಿಗಿಂತ ಕೆಟ್ಟದ್ದು. ಆದ್ದರಿಂದಲೇ ಫಲಿಸುವ ಸಂಭವ ತೀರ ಕಡಿಮೆ ಇರುವವರನ್ನು ಆಸೆ ತೋರಿಸಿ ಈ ದಾರಿಗೆ ಎಳೆಯಬಾರದು.

ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿಸುವಾಗ 'ನೋವು ಬರಿಸಲು ಒಪ್ಪಿದ್ದೇನೆ' ಎಂದಷ್ಟೇ ಬರೆದಿದ್ದರೆ ಅದು ಒಪ್ಪಿಗೆಯೇ ಅಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ಯಾವ ಕಾರಣಕ್ಕೆ, ಯಾವ ವಿಧಾನದಿಂದ, ಆ ಔಷಧದ ಹೆಸರೇನು, ಕಾದರೆ ಏನಾಗಬಹುದು, ನೇರವಾಗಿ ಸಿಸೇರಿಯನ್ ಮಾಡಿದರೆ ಏನಾಗಬಹುದು ಎಂಬುದೆಲ್ಲ ನೋವು ಶುರುವಾಗುವ ಮೊದಲೇ, ಮಂಚದ ಮೇಲೆ ಮಲಗಿಸುವ ಮೊದಲೇ ಮಾತಾಗಿರಬೇಕು. ಎಲ್ಲಿಗೆ ನಿಲ್ಲಿಸುವುದು ಎಂಬುದೂ ಆಗಲೇ ತೀರ್ಮಾನವಾಗಬೇಕು: ಬಲೂನು ಹಾಕಿ ಎಷ್ಟು ಗಂಟೆ ನೋಡುವುದು, ಡ್ರಿಪ್ಪನ್ನು ಎಷ್ಟರವರೆಗೆ ಏರಿಸುವುದು, ಎಷ್ಟು ಹೊತ್ತು ಕಂಠ ತೆರೆಯದಿದ್ದರೆ ಶಸ್ತ್ರಚಿಕಿತ್ಸೆಗೆ ಹೋಗುವುದು. ನಡುವೆ ಮನಸ್ಸು ಬದಲಾದರೆ ಯಾವ ಕ್ಷಣದಲ್ಲಾದರೂ ಸಿಸೇರಿಯನ್ ಕೇಳುವ ಹಕ್ಕು ಆಕೆಗಿದೆ ಎಂಬುದನ್ನೂ ಬಾಯಿಬಿಟ್ಟು ಹೇಳಬೇಕು.

ಇದೆಲ್ಲಕ್ಕೂ ಮೊದಲು ಕೈಯಲ್ಲಿರಬೇಕಾದದ್ದು ಹಿಂದಿನ ಶಸ್ತ್ರಚಿಕಿತ್ಸೆಯ ಟಿಪ್ಪಣಿ. ಡಿಸ್ಚಾರ್ಜ್ ಪತ್ರದಲ್ಲಿ ಬಹುಪಾಲು ಮಂದಿಗೆ ಸಿಗುವುದು ಸಿಸೇರಿಯನ್ ಆಯಿತು, ತಾಯಿ-ಮಗು ಆರೋಗ್ಯ ಎಂಬ ಎರಡು ಸಾಲು. ಗರ್ಭಕೋಶವನ್ನು ಎಲ್ಲಿ, ಯಾವ ದಿಕ್ಕಿಗೆ ಕೊಯ್ದರು, ಕೊಯ್ತ ಪಕ್ಕಕ್ಕೋ ಮೇಲಕ್ಕೋ ಹರಿಯಿತೇ, ಎಷ್ಟು ಪದರ ಹೊಲಿದರು, ಕಂಠ ಎಷ್ಟು ತೆರೆದಿದ್ದಾಗ ಯಾವ ಕಾರಣಕ್ಕೆ ಶಸ್ತ್ರಚಿಕಿತ್ಸೆ ನಿರ್ಧರಿಸಿದರು ಎಂಬ ವಿವರ ಅದರಲ್ಲಿರುವುದಿಲ್ಲ. ಮೊದಲ ಹೆರಿಗೆಯಾಗಿ ಮನೆಗೆ ಹೊರಡುವ ದಿನವೇ ಈ ಐದಾರು ಸಾಲುಗಳನ್ನು ಬರೆಸಿಕೊಂಡು ಇಟ್ಟುಕೊಂಡರೆ, ವರ್ಷಗಳ ನಂತರ ಬೇರೆ ಊರಿನ ಬೇರೆ ವೈದ್ಯರು ನೋವು ಬರಿಸಬಹುದೇ ಬೇಡವೇ ಎಂದು ಯೋಚಿಸುವಾಗ ಊಹೆಯ ಮೇಲೆ ನಿಲ್ಲಬೇಕಾಗುವುದಿಲ್ಲ.